ಅಡ್ಲಾ ಉರುಳಿಸಿದ ತಲೆಗಲ್ಲು

ಬಾಫಿನ್ ದ್ವೀಪದ ಪಶ್ಚಿಮದ ತುದಿಯಲ್ಲಿ ದಾರಿ ತೋರಲೆಂದು ನಮ್ಮ ಹಿರಿಯರು ಆಳಿನಾಕಾರದಲ್ಲಿ ಪೇರಿಸಿಟ್ಟುಹೋದ ಕಲ್ಲಾಳುಗಳಿವೆ, ನೂರಕ್ಕೂ ಮಿಕ್ಕಿ. ಅವನ್ನು ಯಾರೂ ಮುಟ್ಟದಂತೆ ಕಾಯಲು ಸರ್ಕಾರ ನೇಮಿಸಿದ್ದ ಅಡ್ಲಾ, ಬೂಟಿನ ದಾರ ಕಟ್ಟಿಕೊಳ್ಳಲು ಒಂದಕ್ಕೆ ಒರಗಿ ಅದರ ತಲೆಗಲ್ಲನ್ನೇ ಉರುಳಿಸಿಬಿಟ್ಟ. ಅದೂ ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಲ್ಯಾವಿನ್ ಸಾಹೇಬನ ಎದುರಿಗೇ. ಕಾವಲಿನವನಿಗೆ ಕಾಲೇ ಕೈಕೊಟ್ಟಿತು.

"ಮುಟ್ಟಬೇಡ!" ಸಾಹೇಬ ಕೂಗಿದ. ಬಿದ್ದ ಕಲ್ಲನ್ನು ತಜ್ಞರೇ ಎತ್ತಬೇಕು; ಅವರು ಬರುವುದು ಮುಂದಿನ ಬೇಸಿಗೆಗೆ. ಬೇರೆಯವರು ಮುಟ್ಟಿದರೆ ಕೆಲಸ ಹೋಯಿತೆಂದೇ ಲೆಕ್ಕ. ದುಭಾಷಿಯಾದ ನಾನು ಬೈಗುಳವನ್ನು ಅರ್ಧಕ್ಕಿಳಿಸಿ ನಮ್ಮ ಮಾತಿಗೆ ತಂದೆ.

"ಮುಂದಿನ ಬೇಸಿಗೇನಾ? ಅಲ್ಲೀತನಕ ಅವಳು ದಾರಿ ಹೇಗೆ ನೋಡ್ಕೋಬೇಕು, ಅಕ್ಕಾ?" ಎಂದ ಅಡ್ಲಾ.

ಅವನಿಗೆ ಅರವತ್ತೆಂಟು, ನನಗೆ ಐವತ್ತಮೂರು. ಆದರೂ ನಾನೇ ಅಕ್ಕ. ಅವನ ಸ್ವಂತ ಅಕ್ಕ ಊಲಾಯು ಹದಿನೇಳರಲ್ಲಿ ಹಕ್ಕಿಮೊಟ್ಟೆ ಆರಿಸಲು ಹೋಗಿ ಇದೇ ದಿಬ್ಬದ ಮಂಜಿನಲ್ಲಿ ಕಾಣೆಯಾದಳು. ಮರುವರ್ಷ ಹುಟ್ಟಿದ ನನಗೆ ಅವಳ ಹೆಸರಿಟ್ಟರು; ನಮ್ಮಲ್ಲಿ ಹೆಸರಿನ ಜೊತೆ ನಂಟೂ ಬರುತ್ತದೆ. ಬೇಟೆಯಲ್ಲಿ ಸೀಲ್ ಸಿಕ್ಕಾಗಲೆಲ್ಲ ಅಡ್ಲಾ ಮೊದಲ ತುಂಡು ಈಗಲೂ ನನಗೇ ತರುತ್ತಾನೆ. ಆದರೆ ಮೊದಲಿನ ಊಲಾಯು ಇನ್ನೂ ದಾರಿ ಹುಡುಕುತ್ತಿದ್ದಾಳೆಂದೂ ನಂಬುತ್ತಾನೆ. ಊರಿನ ಕೊಲ್ಲಿಯತ್ತ ಮೂಗು ಚಾಚಿದ್ದ ತಲೆಗಲ್ಲು ಇದೊಂದೇ. ಹನ್ನೊಂದು ವರ್ಷ ಈ ಕೆಲಸಕ್ಕೆ ಅವನು ಅಂಟಿಕೊಂಡದ್ದು ಇದನ್ನು ಕಾಯಲಿಕ್ಕೆ.

ಮಧ್ಯಾಹ್ನ ಮಂಜು ಇಳಿಯಿತು. ನಾನೂ ಸಾಹೇಬನೂ ಟೆಂಟಿನೊಳಗೆ ಗಟ್ಟಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಕುಳಿತೆವು; ಕಾಣೆಯಾದ ಅಕ್ಕನ ಕತೆಯನ್ನು ನಾನು ಅವನಿಗೆ ಹೇಳಿದೆ. ದೋಣಿ ನೋಡಿ ಬರುತ್ತೇನೆಂದು ಅಡ್ಲಾ ಹೋದ. ಸ್ವಲ್ಪ ಹೊತ್ತಿಗೆ ಕಲ್ಲಿಗೆ ಕಲ್ಲು ಉಜ್ಜುವ ಸದ್ದು. ಹಿಂದೆಯೇ ಅವನ ದನಿ.

"ಏನಂತಾನೆ?" ಸಾಹೇಬ ಪಿಸುಗುಟ್ಟಿದ.

"'ಆ ತುದಿ ನೀನು ಹಿಡ್ಕೋ, ನಿಧಾನ' ಅಂತಿದಾನೆ."

ಆ ದಿಬ್ಬದ ಮೇಲೆ ಇದ್ದವರು ನಾವು ಮೂವರೇ. ಸಾಹೇಬನ ಬಿಸ್ಕತ್ತು ಚಹಾದಲ್ಲಿ ಮುಳುಗಿತು.

ಮಂಜು ಸರಿದಾಗ ತಲೆಗಲ್ಲು ತನ್ನ ಜಾಗದಲ್ಲಿತ್ತು, ಮೂಗು ಕೊಲ್ಲಿಯತ್ತ. ಇಬ್ಬರಿಲ್ಲದೆ ಏಳದ ಕಲ್ಲು. ಅಡ್ಲಾ ಸೊಂಟ ಹಿಡಿದುಕೊಂಡು ಕೆಳಗೆ ಕುಳಿತಿದ್ದ. ಸಾಹೇಬ ಸುತ್ತಲೂ ಹೆಜ್ಜೆಗುರುತು ಹುಡುಕಿದ, ಬರೀ ಹಾವಸೆ. ತೆರೆದ ತಪಾಸಣೆ ಪುಸ್ತಕವನ್ನು ಮತ್ತೆ ಮುಚ್ಚಿದ. ದೆವ್ವಕ್ಕೆಂದು ಅದರಲ್ಲಿ ಯಾವ ಕಾಲಂ ಇರಲಿಲ್ಲ. ಕಲ್ಲು ಎತ್ತಿದ್ದು ತಾನಲ್ಲ ಎಂದರೆ ಸಾಕು, ಅಡ್ಲಾನ ಕೆಲಸ ಉಳಿಯುತ್ತಿತ್ತು.

"ನಿಜ ಹೇಳು," ಸಾಹೇಬ ದನಿ ತಗ್ಗಿಸಿ ಕೇಳಿದ. "ನಿನ್ನ ಅಕ್ಕ ಬಂದಿದ್ದಳಾ?"

ಅಡ್ಲಾ ನನ್ನತ್ತ ಗಲ್ಲ ಎತ್ತಿ ತೋರಿಸಿದ.

"ಅಕ್ಕ ನಿನ್ನ ಜೊತೇಲೇ ಬಿಸ್ಕತ್ತು ತಿಂತಾ ಕೂತಿದ್ಲಲ್ಲ? ಕಲ್ಲು ಇಟ್ಟಿದ್ದು ನಾನೇ. ಬರ್ಕೋ. ಸೊಂಟ ಹಿಡ್ಕೊಂಡಿದೆ, ಅದನ್ನೂ ಬರ್ಕೋ."