ಎಡಗೈಯ ರಕ್ತ, ಬಲಗೈಯ ರಕ್ತ

ಗೂಳೂರಿನ ಕಲ್ಲಮ್ಮನಿಗೆ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತು ವರ್ಷ ತುಮಕೂರಿನ ಹುಣಸೆಹಣ್ಣಿನ ಗೋದಾಮಿನಲ್ಲೇ ಕಳೆದಿದೆ. ಎಡಗೈಯಲ್ಲಿ ಹಣ್ಣು, ಬಲಗೈಯಲ್ಲಿ ಮರದ ಕೊಡತಿ. ಎರಡೇಟಿಗೆ ಬೀಜ ಆಚೆಗೆ. ಬಾಯಿ ಸ್ವಲ್ಪ ಜೋರು, ಸುಳ್ಳೇಕೆ ಹೇಳಲಿ. ಆದರೆ ಆ ಬಾಯಿಗೆ ಹೆದರುವ ಅಲ್ಲಿನ ಹನ್ನೊಂದು ಹೆಂಗಸರೂ ಕಷ್ಟ ಬಂದಾಗ ಮೊದಲು ಹುಡುಕುವುದು ಅವಳನ್ನೇ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಆರೋಗ್ಯ ಕಾರ್ಯಕರ್ತೆ ಮಾಲಿನಿ ಗೋದಾಮಿಗೆ ಬಂದಳು. ಫೋನಿನಲ್ಲಿ ಉಗುರಿನ ಫೋಟೊ ಹಿಡಿದರೆ ಸಾಕು, ಉಗುರಿನ ಬಣ್ಣ ನೋಡಿ ಮೈಯಲ್ಲಿ ರಕ್ತ ಎಷ್ಟಿದೆ ಎಂದು ಅದೇ ಹೇಳುತ್ತದೆ ಎಂದಳು. ಸೂಜಿ ಇಲ್ಲವೆಂದು ಎಲ್ಲರಿಗೂ ಖುಷಿ. ಪಾಪ, ಒಳ್ಳೆಯ ಹುಡುಗಿ. ಕೆಲಸ ನಿಲ್ಲುವುದು ಬೇಡ, ಕೊಡತಿ ಕೆಳಗಿಡಬೇಡಿ, ಎಡಗೈ ತೋರಿಸಿದರೆ ಸಾಕು ಎಂದಳು. ಹನ್ನೆರಡು ಜನರಿಗೂ ಹನ್ನೊಂದರ ಮೇಲೇ ಬಂತು, ಯಾರಿಗೂ ರಕ್ತ ಕಡಿಮೆ ಇಲ್ಲ ಎಂದಿತು ಫೋನು. ಏಳು ತಿಂಗಳ ಬಸುರಿ ದೀಪಿಕಾಗೂ ಹನ್ನೆರಡು.

ಕಲ್ಲಮ್ಮನಿಗೆ ಇದು ಯಾಕೋ ಸರಿ ಕಾಣಲಿಲ್ಲ. ಗುಬ್ಬಿಯಿಂದ ಈ ಊರಿಗೆ ಸೊಸೆಯಾಗಿ ಬಂದ ದೀಪಿಕಾ ಬೆಳಗಿನಿಂದ ಮೂರು ಸಲ ಗೋಡೆ ಹಿಡಿದು ಕುಸಿದಿದ್ದಳು. ತುಟಿಯಲ್ಲಿ ಬಣ್ಣವೇ ಇರಲಿಲ್ಲ. ಆಸ್ಪತ್ರೆಗೆ ಹೋಗೋಣ ನಡಿ ಎಂದರೆ, ಫೋನೇ ಚೆನ್ನಾಗಿದೆ ಅಂದಿದೆಯಲ್ಲ ಎಂದು ನಕ್ಕುಬಿಟ್ಟಳು. ಕಲ್ಲಮ್ಮನಿಗೆ ಸಿಟ್ಟು ನೆತ್ತಿಗೇರಿತು.

ಆದರೂ ಅವಳು ಫೋನನ್ನು ಬೈಯಲಿಲ್ಲ. ಅದಕ್ಕೇ ನನಗೆ ಅವಳ ಮೇಲೆ ಅಷ್ಟೊಂದು ಗೌರವ. ಫೋನು ಕಂಡದ್ದನ್ನು ಹೇಳುತ್ತದೆ. ಹಾಗಾದರೆ ಅದು ಕಂಡದ್ದೇನು ಎಂದು ಯೋಚಿಸಿದಳು. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಗೇಟಿನವರೆಗೆ ಹೋಗಿದ್ದ ಮಾಲಿನಿಯನ್ನು ಕೂಗಿ ಕರೆದಳು.

"ತಾಮ್ರದ ಚೊಂಬನ್ನೇ ಕೆಂಪಗೆ ಮಾಡೋ ಹಣ್ಣು ಕಣವ್ವ, ಉಗುರನ್ನ ಬುಟ್ಟದಾ? ನನ್ನ ಎರಡೂ ಕೈ ನೋಡು."

ಮಾಲಿನಿ ಎರಡೂ ಕೈಯ ಫೋಟೊ ಹಿಡಿದು ನೋಡಿದಳು. ದಿನವಿಡೀ ಹಣ್ಣು ಹಿಡಿಯುವ ಎಡಗೈಗೆ ಹನ್ನೆರಡು. ಕೊಡತಿ ಹಿಡಿಯುವ ಬಲಗೈಗೆ ಎಂಟೂವರೆ. ಒಂದೇ ಮೈಯಲ್ಲಿ ಎರಡು ಲೆಕ್ಕದ ರಕ್ತ! ಗೋದಾಮಿನಲ್ಲಿ ಕೊಡತಿಯ ಸದ್ದು ನಿಂತುಹೋಯಿತು. ಮಾಲಿನಿಯ ಮುಖ ಸಣ್ಣದಾಯಿತು. ಎಡಗೈ ಸಾಕು ಎಂದದ್ದು ತನ್ನದೇ ತಪ್ಪು ಎಂದು ಎಲ್ಲರೆದುರೇ ಒಪ್ಪಿಕೊಂಡಳು. ಅದೂ ದೊಡ್ಡ ಗುಣವೇ.

ದೀಪಿಕಾಳ ಬಲಗೈಗೆ ಬಂದದ್ದು ಆರೂವರೆ. ಕಲ್ಲಮ್ಮ ಅವಳನ್ನು ಆಟೊ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಸೂಜಿ ಚುಚ್ಚಿ ನೋಡಿದಾಗ ಆರೂ ಇರಲಿಲ್ಲ. ಹೀಗೇ ಹೆರಿಗೆಗೆ ಬಂದಿದ್ದರೆ ತಾಯಿ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು. ರಕ್ತ ಕೊಟ್ಟರು. ಮೂರು ದಿನ ಕಲ್ಲಮ್ಮ ಮಂಚದ ಪಕ್ಕದಿಂದ ಏಳಲಿಲ್ಲ. ಮೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು; ತಾಯಿ ಮಗು ಇಬ್ಬರೂ ಕ್ಷೇಮ.

ಅಂದಿನಿಂದ ಮಾಲಿನಿ ಆ ಗೋದಾಮಿನಲ್ಲಿ ಕೈ ತೊಳೆಸಿ ಬಲಗೈಯನ್ನೇ ನೋಡುತ್ತಾಳೆ, ಅನುಮಾನ ಬಂದರೆ ಸೂಜಿ ಪರೀಕ್ಷೆಗೆ ಕಳಿಸುತ್ತಾಳೆ. ಕಲ್ಲಮ್ಮನೋ, ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳಿದ್ದೇ ಹೇಳಿದ್ದು.

ಐದು ತಿಂಗಳ ಮಗುವನ್ನು ತೋರಿಸಲು ದೀಪಿಕಾ ಬಂದ ದಿನವೂ ಅದೇ ಕಥೆ ನಡೆದಿತ್ತು. ಎಡಗೈ ಹನ್ನೆರಡು, ಬಲಗೈ ಎಂಟೂವರೆ ಎಂದು ಕಲ್ಲಮ್ಮ ಕೈಯೆತ್ತಿ ತೋರಿಸುತ್ತಿದ್ದಳು. ದೀಪಿಕಾ ಆ ಬಲಗೈಯನ್ನು ಅಲ್ಲೇ ಹಿಡಿದುಕೊಂಡಳು.

"ಎಂಟೂವರೆ ನಿಂದೇ ತಾನೆ ಅವ್ವ? ಅದಕ್ಕೇನ್ ಮಾಡ್ದೆ?"

ಕಲ್ಲಮ್ಮ ತನ್ನ ಆ ಕೈಯನ್ನೇ ನೋಡಿಕೊಂಡಳು. ಎಂಟು ತಿಂಗಳಿಂದ ಎಲ್ಲರೂ ಆ ಲೆಕ್ಕ ಕೇಳಿದ್ದರು. ಅದು ಯಾರ ರಕ್ತ ಎಂದು ಒಬ್ಬರೂ ಕೇಳಿರಲಿಲ್ಲ, ಅವಳೂ ಸೇರಿ.

"ಏಳವ್ವ," ಎಂದಳು ದೀಪಿಕಾ. "ಆಟೊ ನಿಲ್ಸಿದೀನಿ."

ಕಲ್ಲಮ್ಮ ಕೊಡತಿ ಕೆಳಗಿಟ್ಟು ಎದ್ದಳು.