ಬಾಗಿಲ ಕೀಲಿನ ತಂತಿ

೨೦೧೪ನೆಯ ಇಸವಿ ಫೆಬ್ರವರಿ ೧೧, ಮಂಗಳವಾರ. ಚಳಿಗಾಲ ಕಾಲ್ತೆಗೆಯುತ್ತಿದ್ದ ತಿಳಿಬಿಸಿಲಿನ ಬೆಳಗ್ಗೆ. ಕಾರುಗಳ ವೈರಿಂಗ್ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಪಳಗಿದ್ದ ‘ವೈರಿಂಗ್ ಅಕ್ಕ’ನ ಅಂಗಡಿಗೆ ನಿವೃತ್ತ ಮೇಷ್ಟರು ತಮ್ಮ ಹಳೆಯ ಕಾರಿನಲ್ಲಿ ಪತ್ನೀಸಮೇತರಾಗಿ ಬಂದರು. ಎಡಬಾಗಿಲ ಗಾಜು ಇಳಿಯುತ್ತಿರಲಿಲ್ಲ. ಗಾಳಿಯಾಡದಿದ್ದರೆ ಪತ್ನಿಗೆ ತಲೆಸುತ್ತು. ಅಂದೇ ಸರಿಹೋಗದಿದ್ದರೆ ಮರುದಿನ ಕಾರನ್ನು ಗುಜರಿಗೆ ಹಾಕುವುದೆಂದು ಮೇಷ್ಟರು ನಿಶ್ಚಯಿಸಿದ್ದರು.

“ಮೋಟರ್ ಸತ್ತುಹೋಗಿದೆ ಅಂದ್ರು ಕಣಮ್ಮ, ಬೇರೆ ಗ್ಯಾರೇಜಲ್ಲಿ.”

“ನಾಡಿ ಹಿಡಿದು ನೋಡಿದ್ರಂತಾ ಮೇಷ್ಟ್ರೇ? ನೀವು ಸುಮ್ನೆ ಗುಂಡಿ ಒತ್ತಿ ಹಿಡ್ಕೊಳ್ಳಿ.”

ಅಕ್ಕ ಬಾಗಿಲನ್ನು ತೊಟ್ಟಿಲು ತೂಗುವಂತೆ ಮೆಲ್ಲನೆ ತೆರೆಯುತ್ತ ಮುಚ್ಚುತ್ತ ಹೋದಳು. ಅರೆತೆರೆದಾಗ ಗಾಜು ಗುರ್ರೆಂದು ಎರಡು ಬೆರಳಷ್ಟು ಇಳಿದು ನಿಂತಿತು. ಮೋಟರು ಗಟ್ಟಿಯಾಗಿಯೇ ಇತ್ತು. ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ ತಂತಿ ತುಂಡಾಗಿ, ತುದಿಗಳು ತಾಗಿದಾಗ ಮಾತ್ರ ವಿದ್ಯುತ್ತು ಹರಿಯುತ್ತಿತ್ತು.

“ಈ ಬಾಗಿಲನ್ನ ಇಷ್ಟು ಬಡಿದವರು ಯಾರು?”

“ಇನ್ಯಾರು? ಕಾರು ಮಾರೋಣ ಅಂದಾಗೆಲ್ಲ ಇವಳು ದಢಾರಂತ ಬಡಿದು ಇಳೀತಾಳೆ!”

“ಮತ್ತೇನು, ಆರತಿ ಎತ್ತಿ ಇಳೀಬೇಕಿತ್ತಾ?” ಎಂದರು ಪತ್ನಿ.

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ತಂತಿಯನ್ನು ಬೆಸೆದಳು. ಗಾಜು ಸರ್ರನೆ ಇಳಿಯಿತು.

ಕಾರು ಗುಜರಿಗೆ ಹೋಗಲಿಲ್ಲ. ೨೦೧೯ರ ಜೂನ್ ೩ರವರೆಗೂ ಓಡಿತು. ಆ ಅವಧಿಯಲ್ಲಿ ಅಕ್ಕ ಅದೇ ತಂತಿಯನ್ನು ಇನ್ನೆರಡು ಸಲ ಬೆಸೆದಳು.