ಲಾಳಿ ಹೋದ ಹನ್ನೊಂದು ದಿನ

ರಬಕವಿಯ ಪದ್ಮವ್ವ ಮೂವತ್ತು ವರ್ಷದಿಂದ ಕೈಮಗ್ಗದಲ್ಲಿ ಸೀರೆ ನೇಯ್ದವಳು. ಮಜೂರಿ ಕೇಳುವಾಗ ಸಾವಕಾರನೆದುರೂ ದನಿ ತಗ್ಗಿಸದವಳು. ಆ ಜನವರಿಯಲ್ಲಿ ಸಾವಕಾರ ಮಜೂರಿ ತಡಮಾಡಿದ. ಹೆಂಗಸರ ಸಂಘದ ಮೂಲಕ ಫೈನಾನ್ಸ್ ಕಂಪನಿಯಿಂದ ಇವಳು ಎತ್ತಿದ್ದ ಸಾಲದ ಎರಡು ಕಂತು ತಪ್ಪಿದವು.

ಕಂಪನಿಯ ವಸೂಲಿಗಾರ ಸಿದ್ದಾರ್ಥ ಫೆಬ್ರುವರಿಯ ಮೊದಲ ಭಾನುವಾರ ಮನೆಗೇ ಬಂದ. ಅವನೂ ನೇಕಾರರ ಮಗನೇ. ಟಿವಿ ಹೊತ್ತೊಯ್ದರೆ ಓಣಿ ಕೂಡುತ್ತದೆ. ಲಾಳಿ ಒಯ್ದರೆ ಯಾರಿಗೂ ಕಾಣುವುದಿಲ್ಲ, ಮಗ್ಗ ಮಾತ್ರ ನಿಲ್ಲುತ್ತದೆ. ಹೊರಗಿನವನಿಗೆ ಹೊಳೆಯುವ ಲೆಕ್ಕವಲ್ಲ ಅದು. ನೂಲು ಸುತ್ತಿದ ಕಂಡಿಕೆ ಸಮೇತ ಲಾಳಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ.

"ಹೊಸಾದ ತಗೋ ಬೇ, ಮುನ್ನೂರು ರೂಪಾಯಿಗೆ ಸಿಗತೈತಿ," ಎಂದಳು ಪಕ್ಕದ ಮನೆಯ ಭಾಗವ್ವ.

"ಹೊಸಾದ ತಂದ್ರ ಅಂವ ಒಯ್ದದ್ದು ಸುಮ್ನ ಜೀರ್ಣ ಆಗತೈತಿ. ನಂದ ನನಗ ಬೇಕು."

ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಉಳಿಯಿತು. ಅಷ್ಟರಲ್ಲಿ ಸರ್ಕಾರದ ಸುಗ್ರೀವಾಜ್ಞೆ ಬಂತು: ಸಾಲಕ್ಕಾಗಿ ಬೆದರಿಸಿದರೆ, ಮನೆಯ ಸಾಮಾನು ಒಯ್ದರೆ ಜೈಲು. ಕಂತು ಕಟ್ಟುವ ದಿನ ಗುರುವಾರ. ಸಿದ್ದಾರ್ಥನ ಬಾಯಲ್ಲಿ ಹೋದ ಗುರುವಾರ 'ಏ ಮುದುಕಿ' ಆಗಿದ್ದವಳು ಈ ಗುರುವಾರ 'ಅವ್ವಾರ' ಆದಳು.

ಭಾಗವ್ವನ ಕಟ್ಟೆಯ ಮೇಲೆ ಸಂಘದ ಹತ್ತೂ ಹೆಂಗಸರು ಕಂತು ಹಿಡಿದು ಕೂತಿದ್ದರು. ಸಿದ್ದಾರ್ಥ ಲಾಳಿಯ ಜೊತೆಗೆ ಒಂದು ಕಾಗದವನ್ನೂ ಮುಂದಿಟ್ಟ.

"ಅವ್ವಾರ, ಒಂದು ಸೈ ಮಾಡಿ ಲಾಳಿ ತಗೋರಿ."

'ನನ್ನ ಇಚ್ಛೆಯಿಂದಲೇ ಕೊಟ್ಟಿದ್ದೆ' ಎಂದಿತ್ತು ಕಾಗದದಲ್ಲಿ. ಸೋಮವಾರ ಸೀರೆ ಮುಟ್ಟಿಸದಿದ್ದರೆ ಸಾವಕಾರ ಮಗ್ಗಕ್ಕೆ ಹೂಡಿದ ಹಾಸುನೂಲು ಬಿಚ್ಚಿಸಿ ಬೇರೆಯವರಿಗೆ ಕೊಡುವವನಿದ್ದ. ಸೈ ಹಾಕಿದರೆ ಈಗಲೇ ಮಗ್ಗಕ್ಕೆ ಕೂರಬಹುದು. ಪದ್ಮವ್ವ ಕಾಗದವನ್ನು ಹಿಂದಕ್ಕೆ ತಳ್ಳಿದಳು.

"ನೀ ಒಯ್ದಿ ಅಂತ ಬರಿ. ಹನ್ನೊಂದು ದಿನ ಮಗ್ಗ ನಿಂತಿತ್ತು ಅಂತ ಬರಿ. ಕೆಳಗ ನಿನ್ನ ಸೈ ಮಾಡು."

"ನನ್ನ ನೌಕರಿ ಹೋಗತೈತ್ರಿ!"

"ನನ್ನ ಮಜೂರಿ ಹೋಗೇತಲ್ಲ. ಜೋಡಿ ಆತು."

"ಕಾಯ್ದೆ ಬಂತಂತ ಸಾಲಾ ಮುಳುಗಸಾಕ ನಿಂತೀರೇನ್ರಿ?"

ಪದ್ಮವ್ವ ಸೆರಗಿನ ಗಂಟು ಬಿಚ್ಚಿದಳು. ಸಾವಕಾರ ನಿನ್ನೆ ಕೊಟ್ಟ ಹಳೆಯ ಮಜೂರಿ ಅದರಲ್ಲಿತ್ತು. "ಬಾಕಿ ಕಂತೆಲ್ಲಾ ಐತಿ ನೋಡು. ಸಾಲಾ ನಂದು, ಕಟ್ಟತೇನಿ. ಲಾಳಿ ಒಯ್ದದ್ದು ನಿಂದು, ಬರಿ."

ಸಿದ್ದಾರ್ಥ ಉಳಿದವರತ್ತ ತಿರುಗಿದ. "ನೀವರ ಕೊಡ್ರಿ, ಹೊತ್ತಾಗೇತಿ."

ಭಾಗವ್ವ ತನ್ನ ನೋಟುಗಳನ್ನು ಮಡಚಿ ಕುಪ್ಪಸಕ್ಕೆ ಸಿಕ್ಕಿಸಿಕೊಂಡಳು. "ಒಬ್ಬಾಕಿ ಕಂತ ತಪ್ಪಿದ್ರ ಉಳದಾವ್ರು ತುಂಬಬೇಕು ಅಂತ ಕಲಿಸಿದಾವ ನೀನ. ಈಗ ಒಬ್ಬಾಕಿ ಮಗ್ಗ ನಿಂತೇತಿ, ಹತ್ತೂ ಮಂದಿ ಕಂತ ನಿಂತಾವು. ನಿನ್ನ ರೂಲ್ಸ್ ಅಪ್ಪಾ, ನಮ್ಮದೇನಿಲ್ಲ."

ಉಳಿದವರ ಕಂತುಗಳೂ ಸೆರಗಿನ ಗಂಟು ಸೇರಿದವು. ಬರಿಗೈಯಲ್ಲಿ ಆಫೀಸಿಗೆ ಹೋದರೆ ಮ್ಯಾನೇಜರ್ ಕೇಳುವ ಮಾತು ಜೈಲಿಗಿಂತ ಹತ್ತಿರದ್ದು. ಸಿದ್ದಾರ್ಥ ಬರೆದ, ಸೈ ಮಾಡಿದ. ಪದ್ಮವ್ವ ಅದನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದಳು. ಆಮೇಲೆ ಕಂತು ಎಣಿಸಿ ಕೊಟ್ಟು, ರಸೀದಿ ಇಸಿದುಕೊಂಡು, ಲಾಳಿ ಮುಟ್ಟಿದಳು. ಉಳಿದವರೂ ತಂತಮ್ಮ ಕಂತು ಕೊಟ್ಟರು.

ಅವನು ಬೈಕ್ ಚಾಲೂ ಮಾಡಿದ.

"ನಿಂದ್ರು! ಕಂಡಿಕ್ಯಾಗ ನೂಲ ಬರೋಬ್ಬರಿ ಐತೋ ಇಲ್ಲೋ ನೋಡತೇನಿ."

ಸಿದ್ದಾರ್ಥ ಬೈಕ್ ಬಂದ್ ಮಾಡಿ ನಿಂತ.